ಹನ್ನೊಂದು ಗಂಟೆಯ ಮೌನ

ಇಪ್ಪತ್ತೇಳು ವರ್ಷ ಆಸ್ಪತ್ರೆಯಲ್ಲಿ ಕಕ್ಕಸು ತೊಳೆಸಿದವಳಿಗೆ ನಿವೃತ್ತಿಯ ದಿನ ಏನು ಉಡುಗೊರೆ ಕೊಡಬೇಕು? ನಮ್ಮ ಆಸ್ಪತ್ರೆಯ ಬುದ್ಧಿವಂತರೆಲ್ಲ ಕೂತು ಯೋಚಿಸಿ, ಅತಿ ಚೊಕ್ಕಟವಾದ ಹಳ್ಳಿ ಎಂದು ಬಹುಮಾನ ಹೊಡೆದ ಒಂದು ಊರಿನಲ್ಲಿ ಎರಡು ರಾತ್ರಿ ತಂಗುವ ಚೀಟಿ ಕೊಟ್ಟರು. ನಾನು ಆಸ್ಪತ್ರೆಯಲ್ಲಿ ವಾರ್ಡುಗಳ ಆಯಾಗಳಿಗೆ ಮೇಲ್ವಿಚಾರಕಿಯಾಗಿದ್ದೆ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಫಿನಾಯಿಲಮ್ಮ ಅನ್ನುತ್ತಿದ್ದರು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದೆ. ಚೀಟಿ ಬೇಡವೆಂದರೆ ಮುದುಕಿಗೆ ಕೊಬ್ಬು ಅನ್ನುತ್ತಾರೆ ಎಂದು ಚೀಲ ಕಟ್ಟಿಕೊಂಡು ಹೊರಟೆ.

ಊರು ಚೊಕ್ಕಟವಾಗಿತ್ತು, ಅದನ್ನು ಇಲ್ಲ ಅನ್ನುವ ಹಾಗಿಲ್ಲ. ಬಸ್ಸಿಳಿದ ಕೂಡಲೇ ಚಪ್ಪಲಿ ಒರೆಸಲು ನಾರಿನ ಚಾಪೆ. ಚಪ್ಪಡಿ ಹಾಸಿದ ಓಣಿ, ಎರಡೂ ಕಡೆ ಸುಣ್ಣ ಬಳಿದ ಅಂಚುಕಲ್ಲು, ಮನೆಮನೆಯ ಮುಂದೆ ಹೂಕುಂಡ. ಒಂದು ತರಗೆಲೆ ಬಿದ್ದರೆ ಎತ್ತುವುದಕ್ಕೆ ಇಬ್ಬರು ಬಗ್ಗುತ್ತಿದ್ದರು. ಊರ ಬಾಗಿಲಲ್ಲಿ ಸಮಿತಿಯವರು ಇಪ್ಪತ್ತೆರಡು ನಿಯಮಗಳನ್ನು ಗೋಡೆಯ ಮೇಲೆ ಬರೆಸಿದ್ದರು. ಮೂರನೆಯದು, ಊರಿನಲ್ಲಿ ನಾಯಿ ಸಾಕುವಂತಿಲ್ಲ. ಒಂಬತ್ತರವರೆಗೆ ಓದಿದೆ, ಬೇಸರ ಬಂತು, ಬಿಟ್ಟೆ. ಜೀವಮಾನವಿಡೀ ಬೇರೆಯವರಿಗೆ ನಿಯಮ ಹೇಳಿದವಳು ನಾನು. ನನಗೆ ಯಾರು ಹೇಳುವುದು ಎಂಬ ಪೊಗರು ಒಳಗೆ ಇದ್ದೇ ಇತ್ತು.

ನಿಯಮಗಳ ಪಕ್ಕದಲ್ಲಿ ಒಂದು ದೊಡ್ಡ ಫೋಟೊ. ಸೊಂಟದವರೆಗೆ ಗುಂಡಿಯಲ್ಲಿ ನಿಂತ ಗಾರೆ ಕೆಲಸದವನೊಬ್ಬ ಕರಣೆ ಎತ್ತಿ ಹಿಡಿದು ನಗುತ್ತಿದ್ದ. ಹಳೆಯ ಗಾಯವೊಂದು ಅವನ ಎಡ ಹುಬ್ಬನ್ನು ಎರಡು ತುಂಡು ಮಾಡಿತ್ತು. ಹನ್ನೊಂದು ಗಂಟೆಗೆ ಸರಿಯಾಗಿ ಸಮಿತಿಯ ಅಧ್ಯಕ್ಷರು ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಮೆದುವಾದ ಮಾತು. ಅಂದು ಬಂದಿದ್ದ ಹತ್ತು ಹನ್ನೆರಡು ಅತಿಥಿಗಳನ್ನು ಫೋಟೊದ ಮುಂದೆ ನಿಲ್ಲಿಸಿ ಕಥೆ ಹೇಳಿದರು. ಇಪ್ಪತ್ತು ವರ್ಷದ ಹಿಂದೆ ಈ ಊರಿಗೆ ಬರುವವರು ಮೂಗು ಮುಚ್ಚಿಕೊಂಡು ಬರುತ್ತಿದ್ದರಂತೆ. ಈ ಮೇಸ್ತ್ರಿ ಒಂದೊಂದಾಗಿ ಅರವತ್ತನಾಲ್ಕು ಮನೆಗೂ ಕಕ್ಕಸು ಕಟ್ಟಿಕೊಟ್ಟು ಊರಿನ ಹಣೆಬರಹ ಬದಲಿಸಿದರಂತೆ. ಆಮೇಲೆ ಅಧ್ಯಕ್ಷರು ಕಣ್ಣು ತಗ್ಗಿಸಿ, ಇವತ್ತು ಅವರು ನಮ್ಮ ಜೊತೆ ಇಲ್ಲ, ಒಂದು ನಿಮಿಷ ಮೌನವಾಗಿ ನಿಲ್ಲೋಣ ಅಂದರು.

ಕಂಬಕ್ಕೆ ಕಟ್ಟಿದ ಗಂಟೆಯನ್ನು ಒಬ್ಬ ಹೆಂಗಸು ಒಮ್ಮೆ ಬಾರಿಸಿದಳು. ನಲವತ್ತೈದು ಐವತ್ತರ ವಯಸ್ಸು, ಒಣಕಲು ಮೈ, ಕೈ ಮಾತ್ರ ಗಂಡಸಿನ ಕೈ. ಎಲ್ಲರೂ ತಲೆ ತಗ್ಗಿಸಿದೆವು. ಅವಳೂ ತಗ್ಗಿಸಿದಳು. ಮೌನ ಮುಗಿದ ಮೇಲೆ ಅಧ್ಯಕ್ಷರು, ಇವರೇ ಮೇಸ್ತ್ರಿಯವರ ಮನೆಯವರು, ನಮ್ಮೂರಿನ ಗಂಟೆಯಕ್ಕ ಎಂದು ಪರಿಚಯ ಮಾಡಿಸಿದರು. ನನಗೆ ತಂಗಲು ಗೊತ್ತಾಗಿದ್ದುದು ಅವಳ ಮನೆಯೇ. ಪಾಪ ಅನ್ನಿಸಿ ಅವಳ ಕೈ ಹಿಡಿದುಕೊಂಡೆ. ಆ ಕೈ ನನ್ನ ಕೈಯೊಳಗೆ ಸುಮ್ಮನೆ ಕೂತಿತ್ತು, ಹಿಂದಕ್ಕೂ ಎಳೆದುಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಅವಳ ಮನೆಯ ಬಾಗಿಲಿಗೆ ದುಂಡಗಿನ ಒಂದು ಬಿಳಿ ಹಲಗೆ ಹೊಡೆದಿದ್ದರು. ಆ ಹಲಗೆ ಇರುವ ಮನೆಗಳಿಗೆ ಮಾತ್ರ ಅತಿಥಿಗಳನ್ನು ಕಳಿಸುತ್ತಾರೆ. ಇವಳ ಹಲಗೆಯ ಮೇಲೆ ಕೆಂಪು ಬಣ್ಣದ ಎರಡು ಗೆರೆಗಳಿದ್ದವು. ಏನದು ಎಂದು ಕೇಳಿದೆ. ಅತಿಥಿಗಳು ಪುಸ್ತಕದಲ್ಲಿ ದೂರು ಬರೆದರೆ, ಇಲ್ಲವೇ ಮನೆಯವರು ನಿಯಮ ಮುರಿದರೆ ಒಂದು ಗೆರೆ, ಮೂರನೆಯ ಗೆರೆ ಬಿದ್ದ ದಿನ ಹಲಗೆ ಕೀಳುತ್ತಾರೆ ಎಂದಳು. ನಾನು ಮಲಗುವ ಕೋಣೆಯಲ್ಲೇ ಮೇಜಿಗೆ ದಾರ ಕಟ್ಟಿ ಆ ಪುಸ್ತಕ ಇಟ್ಟಿದ್ದರು. ತಿರುವಿ ನೋಡಿದೆ. ಯಾರೋ ಒಬ್ಬರು ಹಿತ್ತಿಲಿಂದ ವಾಸನೆ ಬರುತ್ತದೆ ಎಂದು ಬರೆದಿದ್ದರು. ಇನ್ನೊಬ್ಬರು, ಬೆಳತನಕ ಯಾರದೋ ಕೆಮ್ಮು, ನಿದ್ದೆಯಿಲ್ಲ. ಯಾರ ಕೆಮ್ಮು ಎಂದು ಕೇಳಿದ್ದಕ್ಕೆ ನೆರೆಮನೆಯವರದು ಅಂದಳು. ನೆರೆಮನೆಗೆ ಬೀಗ ಹಾಕಿತ್ತು.

ಸಂಜೆ ತರಕಾರಿ ಹೆಚ್ಚುತ್ತಾ ಅವಳು ತನ್ನ ಕಥೆಯನ್ನು ಸ್ವಲ್ಪ ಬಿಚ್ಚಿದಳು. ಮದುವೆಯಾಗಿ ಬಂದಾಗ ಈ ಊರಿನ ಹೆಂಗಸರು ಕತ್ತಲಾಗುವುದನ್ನೇ ಕಾಯುತ್ತಿದ್ದರು, ಹೊಲದಂಚಿಗೆ ಹೋಗುವುದಕ್ಕೆ. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಬಂತು. ಮೂರು ವರ್ಷದ ಒಬ್ಬಳೇ ಮಗಳು ಎರಡು ದಿನದಲ್ಲಿ ಹೋದಳು. ಮಣ್ಣು ಮಾಡಿ ಬಂದ ವಾರವೇ ಗಂಡ ಹಿತ್ತಿಲಲ್ಲಿ ಗುಂಡಿ ತೋಡಲು ಶುರು ಮಾಡಿದ. ದುಃಖಕ್ಕೆ ತಲೆ ಕೆಟ್ಟಿದೆ, ಹೇಲಿಗೆ ಮನೆ ಕಟ್ಟುತ್ತಿದ್ದಾನೆ ಎಂದು ಊರು ನಕ್ಕಿತು. ಅವನು ಗುಂಡಿಯೊಳಗೆ, ಇವಳು ಮೇಲೆ. ಇವಳು ಮರಳು ಜರಡಿ ಹಿಡಿದಳು, ಇಟ್ಟಿಗೆ ಹೊತ್ತಳು, ಗಾರೆ ಕಲಸಿದಳು. ಹನ್ನೊಂದು ವರ್ಷದಲ್ಲಿ ಅರವತ್ತನಾಲ್ಕು ಮನೆ. ಯಾರ ಮನೆಯ ಗುಂಡಿ ಎಷ್ಟು ಆಳ ಎಂದು ಈಗಲೂ ಬಾಯಲ್ಲೇ ಹೇಳುತ್ತಾಳೆ. ಕಟ್ಟಿಸಿಕೊಂಡರೂ ಒಳಗೆ ಕಾಲಿಡದೆ ಸೌದೆ ತುಂಬಿಟ್ಟುಕೊಂಡವರ ಮನೆಗೆ ಬೆಳಗ್ಗೆ ಹೋಗಿ ಬಾಗಿಲು ತಟ್ಟುತ್ತಿದ್ದಳಂತೆ. ತಟ್ಟಿ ತಟ್ಟಿ ಸಾಕಾಗಿ ಒಂದು ಗಂಟೆ ಕಟ್ಟಿಸಿದಳು. ಗಂಟೆಯಕ್ಕ ಎಂಬ ಹೆಸರು ಆಗ ಬಂದದ್ದು.

ಆಮೇಲೆ ಏನಾಯಿತು ಎಂದೆ. ಊರಿಗೆ ಹೆಸರು ಬಂತು ಎಂದಷ್ಟೇ ಹೇಳಿ, ಹೆಚ್ಚಿದ ತರಕಾರಿ ಎತ್ತಿಕೊಂಡು ಎದ್ದಳು.

ನನ್ನ ಮೂಗಿನ ವಿಷಯ ಇಲ್ಲಿ ಹೇಳಬೇಕು. ವಾರ್ಡಿನ ಬಾಗಿಲಲ್ಲಿ ನಿಂತರೆ ಯಾವ ಹಾಸಿಗೆಯವರಿಗೆ ಏನಾಗಿದೆ ಎಂದು ಮೂಗೇ ಹೇಳುತ್ತಿತ್ತು. ಫಿನಾಯಿಲ್ ಒಂದು ಮಟ್ಟದವರೆಗೆ ಶುಚಿ, ಆ ಮಟ್ಟ ದಾಟಿದರೆ ಅದು ಸುಳ್ಳು. ಈ ಮನೆಯಲ್ಲಿ ಆ ಮಟ್ಟ ದಾಟಿತ್ತು. ಮರುದಿನ ಬೆಳಗ್ಗೆ ಐದೂವರೆಗೆ ಅವಳು ಗಂಟೆ ಬಾರಿಸಿದಳು, ಊರೆಲ್ಲ ಪೊರಕೆ ಹಿಡಿದು ಬೀದಿಗೆ ಬಂತು. ನಾನೂ ಗುಡಿಸಿದೆ. ಗುಡಿಸಲು ಅಲ್ಲಿ ಏನೂ ಇರಲಿಲ್ಲ. ಒಳಗೆ ಬಂದಾಗ ಹಿತ್ತಿಲಲ್ಲಿ ಕಲ್ಲಿನ ಮೇಲೆ ತಗಡಿನ ಪಾತ್ರೆ ಇಟ್ಟ ಸದ್ದು ಕೇಳಿತು. ಆ ಸದ್ದು ನನಗೆ ಸಾವಿರಾರು ಬೆಳಗಿನ ಪರಿಚಯ. ರೋಗಿಯ ಕೆಳಗಿಡುವ ಮಲದ ಪಾತ್ರೆಯದು.

ಒಂಬತ್ತು ಗಂಟೆಗೆ ಅವಳು ದಾರಿಯ ಕಳೆ ಕೀಳುವ ಸರದಿಗೆ ಹೋದಳು. ಅಲ್ಲಿಂದ ಹಾಗೇ ಗಂಟೆಯ ಕಂಬಕ್ಕೆ ಹೋಗಿ, ಊಟದ ಹೊತ್ತಿಗೆ ಬರುತ್ತೇನೆ ಎಂದಿದ್ದಳು. ಇನ್ನೊಬ್ಬರ ಮನೆಯಲ್ಲಿ ಮೂಗು ತೂರಿಸಬಾರದು ಎಂದು ಒಂದು ತಾಸು ಕೂತೆ. ಆಮೇಲೆ ಹಿತ್ತಿಲ ಬಾಗಿಲು ತೆಗೆದೆ. ಮೂಲೆಯಲ್ಲಿ ಸಾಮಾನು ಇಡುವ ಕೊಠಡಿಯಿತ್ತು. ಅದಕ್ಕೆ ಹೊರಗಿನಿಂದ ಚಿಲಕ.

ಒಳಗೆ ಗೋಡೆಯ ಮೇಲೆ ಕರಣೆ, ತೂಗುಗುಂಡು, ಮಟ್ಟದ ಹಲಗೆ ಸಾಲಾಗಿ ತೂಗುಹಾಕಿದ್ದವು. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ. ಕೆಳಗೆ ಮಂಚದ ಮೇಲೆ ಒಬ್ಬ ಗಂಡಸು ಮಲಗಿದ್ದ. ಮುಖ ಬತ್ತಿಹೋಗಿತ್ತು, ಆದರೆ ಎಡ ಹುಬ್ಬು ಎರಡು ತುಂಡಾಗಿತ್ತು. ನನ್ನ ಬಾಯಿಂದ ಎಂಥ ಪೆದ್ದು ಮಾತು ಬಂತೆಂದರೆ, "ನೀವು ಸತ್ತಿದ್ದೀರಲ್ಲ" ಅಂದೆ.

"ಹೌದು ತಾಯಿ," ಅಂದರು ಮೇಸ್ತ್ರಿ. "ಮೂರು ವರ್ಷ ಆಯ್ತು. ಒಳಗೆ ಬನ್ನಿ, ಬಾಗಿಲು ಹಾಕ್ಕೊಳಿ."

ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವುದಕ್ಕೆ ಬಹಳ ಹೊತ್ತು ಬೇಕಾಯಿತು.

ಸಿಮೆಂಟಿನ ದೂಳು ಎದೆಯೊಳಗೆ ಮೊದಲೇ ಮನೆ ಮಾಡಿತ್ತು. ನಾಲ್ಕು ವರ್ಷದ ಹಿಂದೆ ಒಂದು ಗುಂಡಿಯ ಗೋಡೆ ಕುಸಿದು ಸೊಂಟದ ಮೇಲೆ ಬಿದ್ದು ಕಾಲುಗಳೆರಡೂ ಹೋದವು. ಯಾರ ಮನೆಯ ಗುಂಡಿ ಎಂದು ಕೇಳಿದೆ. ಅಧ್ಯಕ್ಷರ ಅತಿಥಿಗೃಹದ್ದು ಎಂದರು, ಮಳೆ ಬಂತು ಅನ್ನುವಷ್ಟೇ ಸಲೀಸಾಗಿ. ಮರುವರ್ಷ ಊರಿಗೆ ಬಹುಮಾನ ಬಂತು. ಬಹುಮಾನ ಕೊಡುವ ದೊಡ್ಡವರು ಫೋಟೊ ನೋಡಿ, ಇವರೆಲ್ಲಿ, ಇವರನ್ನು ನೋಡಬೇಕಲ್ಲ ಅಂದರಂತೆ. ಮೇಸ್ತ್ರಿ ಆಗ ಇದೇ ಮಂಚದ ಮೇಲೆ ಒದ್ದೆಯಾಗಿ ಮಲಗಿದ್ದರು. ಅತಿ ಚೊಕ್ಕಟವಾದ ಊರಿನಲ್ಲಿ ಅದನ್ನು ತೋರಿಸುವುದು ಹೇಗೆ? ಅಧ್ಯಕ್ಷರು ಗಾಬರಿಯಲ್ಲಿ, ಅವರು ನಮ್ಮ ಜೊತೆ ಇಲ್ಲ ಅಂದುಬಿಟ್ಟರು. ದೊಡ್ಡವರು ಟೋಪಿ ತೆಗೆದು ಒಂದು ನಿಮಿಷ ಮೌನವಾಗಿ ನಿಂತರು. ಜೊತೆಗೆ ಊರೂ ನಿಂತಿತು. ಒಂದು ಸಲ ನಿಂತ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುವುದು ಯಾರಿಗೂ ಗೊತ್ತಾಗಲಿಲ್ಲ. ಅಂದಿನಿಂದ ದಿನವೂ ನಿಲ್ಲುತ್ತಿದ್ದಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಕೇಳಿದ್ದೆ. ಇವರು ಅಂಬಿಗನನ್ನು ಮುಳುಗಿಸಿ ಅವನ ಫೋಟೊ ಹಾಕಿದ್ದರು.

"ನಿಮ್ಮ ಹೆಂಡತಿ?" ಎಂದೆ.

"ಅವಳೂ ಅಲ್ಲೇ ಇದ್ದಳು, ಗಂಟೆ ಹತ್ರ. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ ಅವಳಿಗೆ. ಮನೆಗೆ ಬಂದು ಗೋಡೆಗೆ ತಲೆ ಚಚ್ಚಿಕೊಂಡಳು. ನಾನೇ ಸಮಾಧಾನ ಮಾಡ್ದೆ. ಹೋಗಲಿ ಬಿಡೇ, ಇದ್ದಾಗ ಕೊಡದ ಮರ್ಯಾದೆ ಸತ್ತ ಮೇಲಾದ್ರೂ ಕೊಡ್ತಿದ್ದಾರಲ್ಲ ಅಂದೆ."

ಅಷ್ಟರಲ್ಲಿ ದೂರದಲ್ಲಿ ಗಂಟೆ ಒಮ್ಮೆ ಬಡಿಯಿತು. ಹನ್ನೊಂದು. ಮೇಸ್ತ್ರಿ ತುಟಿಯ ಮೇಲೆ ಬೆರಳಿಟ್ಟರು. ನಾನೂ ಬಾಯಿ ಮುಚ್ಚಿದೆ. ಆ ಕೊಠಡಿಯಲ್ಲಿ ನಾವಿಬ್ಬರೂ ಹಾಗೆ ಕೂತಿದ್ದೆವು. ನಿಮಿಷ ಕಳೆದ ಮೇಲೆ ಬೆರಳು ತೆಗೆದು, "ನನಗಂತ ಅಷ್ಟು ಜನ ನಿಂತಿರುವಾಗ ನಾನು ಮಾತಾಡ್ತಾ ಇದ್ರೆ ಚೆನ್ನಾಗಿರಲ್ಲ. ನಾನೂ ಗೌರವ ಕೊಡ್ತೀನಿ" ಅಂದರು. ಆ ಮಾತಿಗೆ ನಗಬೇಕಿತ್ತು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಕೈ ಕೆಲಸ ಹುಡುಕುತ್ತದೆ.

ಗಂಟೆಯಕ್ಕ ಅವರನ್ನು ಚೆನ್ನಾಗಿಯೇ ನೋಡಿಕೊಂಡಿದ್ದಳು. ಬೆಳಗ್ಗೆ ಸಂಜೆ ಒರೆಸುತ್ತಿದ್ದಳು, ಉಗುರು ಕತ್ತರಿಸಿದ್ದಳು. ನಡುವಿನ ಹೊತ್ತಿನಲ್ಲಿ ಒದ್ದೆಯಾದರೆ ಅವಳು ಬರುವತನಕ ಅದರಲ್ಲೇ ಇರಬೇಕಿತ್ತು, ಅಷ್ಟೇ. ಬೇಡ ತಾಯಿ, ಅವಳು ಬಂದು ಮಾಡ್ತಾಳೆ ಎಂದು ಮೇಸ್ತ್ರಿ ಎರಡು ಸಲ ಹೇಳಿದರು. ನಾನು ಕೇಳುವವಳೇ? ಮಗ್ಗುಲು ತಿರುಗಿಸಿ ಮೈ ತೊಳೆದೆ. ಸೊಂಟದ ಹತ್ತಿರ ಹುಣ್ಣು ಶುರುವಾಗಿತ್ತು, ಅದನ್ನು ಒರೆಸಿ ಒಣಗಿಸಿದೆ. ಒಣಗಿದ ಚಾದರ ಹಾಸಿ, ಒದ್ದೆಯಾದದ್ದನ್ನು ಎರಡು ಸಲ ಸೋಪು ಹಚ್ಚಿ ಒಗೆದೆ. ಹಳೆಯ ಹಳದಿ ಕಲೆ ಮಾತ್ರ ಹೋಗಲಿಲ್ಲ. ಹಿತ್ತಿಲಿಗೆ ಬಿಸಿಲು ಬೀಳುತ್ತಿರಲಿಲ್ಲ. ರೋಗಿಯ ಬಟ್ಟೆಗೆ ಬಿಸಿಲೇ ಔಷಧ ಎಂದು ಆಯಾಗಳಿಗೆ ಎಷ್ಟು ಸಲ ಬೈದಿದ್ದೇನೋ. ಮನೆಯ ಮುಂದೆ ಹೂಬುಟ್ಟಿ ತೂಗುಹಾಕಿದ್ದ ತಂತಿಯಿತ್ತು. ಬುಟ್ಟಿಗಳನ್ನು ಸರಿಸಿ ಚಾದರವನ್ನು ಅಲ್ಲಿ ಹರವಿದೆ. ಸುಳ್ಳು ಹೇಳಬಾರದು, ನೋಡಿದವರು ನೋಡಲಿ ಎಂಬ ಹಟವೂ ನನ್ನೊಳಗೆ ಸ್ವಲ್ಪ ಇತ್ತು.

ಬೀದಿಗೆ ಕಾಣುವಂತೆ ಬಟ್ಟೆ ಒಣಹಾಕುವಂತಿಲ್ಲ ಎಂಬುದು ಹದಿನಾಲ್ಕನೆಯ ನಿಯಮವಂತೆ. ನಾನು ಒಂಬತ್ತಕ್ಕೆ ನಿಲ್ಲಿಸಿದ್ದೆ.

ಅರ್ಧ ಗಂಟೆಯಲ್ಲಿ ಅತಿಥಿಗಳ ಗುಂಪು ಓಣಿಯಲ್ಲಿ ಬಂತು. ಮುಂದೆ ಅಧ್ಯಕ್ಷರು, ಕೊನೆಯಲ್ಲಿ ಗಂಟೆಯಕ್ಕ. ಎಲ್ಲರೂ ಚಾದರದ ಮುಂದೆ ನಿಂತುಬಿಟ್ಟರು. ಒಬ್ಬ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದಳು, ಸೋಪಿನ ವಾಸನೆ ಬಿಟ್ಟರೆ ಅಲ್ಲಿ ಇನ್ನೇನೂ ಇರಲಿಲ್ಲ. ಒಬ್ಬ ಮೊಬೈಲ್ ತೆಗೆದು ಫೋಟೊ ಹೊಡೆದ. ಅಧ್ಯಕ್ಷರು ನಗುನಗುತ್ತಲೇ ಅವರನ್ನೆಲ್ಲ ಮುಂದಕ್ಕೆ ಕರೆದುಕೊಂಡು ಹೋದರು. ಗಂಟೆಯಕ್ಕ ಮಾತ್ರ ಉಳಿದಳು. ಚಾದರ ನೋಡಿದಳು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ತಂತಿಯಿಂದ ಅದನ್ನು ಎಳೆದುಕೊಂಡು ಒಳಗೆ ಬಂದು ಬಾಗಿಲು ಹಾಕಿದಳು.

ಗಂಡನನ್ನು ಹೀಗೆ ಕತ್ತಲೆಯಲ್ಲಿ ಬಚ್ಚಿಡುವುದೇ ಎಂದು ನಾನು ಮೊದಲೇ ಮೇಲೆ ಬಿದ್ದೆ. ಮಾಡಿದ ತಪ್ಪು ಒಳಗೊಳಗೇ ಗೊತ್ತಾದಾಗ ಮನುಷ್ಯರು ಜೋರು ಮಾಡುವ ಹಾಗೆ.

"ಅಕ್ಕ, ನಾನು ಅವರನ್ನ ಬಚ್ಚಿಟ್ಟಿಲ್ಲ," ಅಂದಳು. "ಉಳಿಸಿಕೊಂಡಿದ್ದೀನಿ. ಈ ಹಲಗೆ ಇರೋವರೆಗೆ ನಮ್ಮಿಬ್ಬರಿಗೂ ಅನ್ನ ಇದೆ, ಅವರಿಗೆ ಔಷಧ ಇದೆ. ಹಲಗೆ ಹೋದ ದಿನ ಅವರನ್ನ ಪಟ್ಟಣದ ನಿರ್ಗತಿಕರ ಆಶ್ರಮಕ್ಕೆ ಹಾಕ್ತೀವಿ ಅಂತ ಸಮಿತಿಯವರು ಮೊದಲೇ ಹೇಳಿದ್ದಾರೆ. ಅಲ್ಲಿಗೆ ಹೋದವರು ಎಷ್ಟು ದಿನ ಇರ್ತಾರೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು."

ಗೊತ್ತಿತ್ತು. ಅಂಥ ಆಶ್ರಮಗಳಿಂದ ನಮ್ಮ ವಾರ್ಡಿಗೆ ಬರುತ್ತಿದ್ದವರ ಬೆನ್ನು ಹೇಗಿರುತ್ತಿತ್ತು ಎಂದು ನನಗೆ ಗೊತ್ತಿತ್ತು. ಒಂದು ತಿಂಗಳು, ಹೆಚ್ಚೆಂದರೆ ಎರಡು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅನ್ನುತ್ತಾರಲ್ಲ, ನಿವೃತ್ತಿಯಾದ ಎರಡೇ ವಾರಕ್ಕೆ ನಾನು ಆ ಬಡಗಿಯಾಗಿದ್ದೆ. ಅವಳು ಕೂಗಾಡಲಿಲ್ಲ. ಒದ್ದೆ ಚಾದರವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಾ ಕೂತಳು.

ಮಧ್ಯಾಹ್ನ ಮೂರಕ್ಕೆ ಅಧ್ಯಕ್ಷರು ಇಬ್ಬರು ಸದಸ್ಯರ ಜೊತೆ ಬಂದರು. ಒಬ್ಬನ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಕುಂಚ. ಅಧ್ಯಕ್ಷರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ನಿಜವಾಗಿ ಬೇಸರವೇ ಇತ್ತು. "ಅತ್ತಿಗೆ, ಇದು ಮೂರನೆಯದು" ಅಂದರು. ಮೇಸ್ತ್ರಿಯನ್ನು ಅವರು ಹಿಂದೆಲ್ಲ ಅಣ್ಣ ಅನ್ನುತ್ತಿದ್ದರಂತೆ. ಅಣ್ಣನನ್ನು ಸಾಯಿಸಿದ ಮೇಲೂ ಅತ್ತಿಗೆಯನ್ನು ಉಳಿಸಿಕೊಂಡಿದ್ದರು.

ಗಂಟೆಯಕ್ಕ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. "ಆ ಚಾದರ ನಂದು. ನಿದ್ದೆಯಲ್ಲಿ ನಾನೇ ಒದ್ದೆ ಮಾಡಿಕೊಂಡೆ. ವಯಸ್ಸಾಯ್ತು, ಹತೋಟಿ ಇಲ್ಲ. ಇವಳು ಇಲ್ಲದಾಗ ಒಗೆದು ಹಾಕಿದೆ. ಇವಳಿಗೆ ಏನೂ ಗೊತ್ತಿಲ್ಲ."

ಮೂವರೂ ನನ್ನನ್ನು ನೋಡಿದರು, ಆಮೇಲೆ ನನ್ನ ಸೊಂಟದ ಕೆಳಗೆ ನೋಡಿದರು. ಅತಿಥಿಯೇ ಮಾಡಿದ ತಪ್ಪಿಗೆ ಮನೆಗೆ ಗೆರೆ ಇಲ್ಲವಂತೆ. ಆದರೆ ಅದನ್ನು ಪುಸ್ತಕದಲ್ಲಿ ಬರೆದು ರುಜು ಹಾಕಬೇಕು ಅಂದರು. ಬರೆದೆ. ಹಾಸಿಗೆ ಒದ್ದೆ ಮಾಡಿಕೊಂಡ ಎಷ್ಟೋ ಮುದುಕಿಯರ ಮುಂದೆ ಮುಖ ಸಿಂಡರಿಸಿದ ಆಯಾಗಳನ್ನು ನಾನು ಮೂರು ದಿನ ಕೆಲಸದಿಂದ ನಿಲ್ಲಿಸಿದ್ದೆ. ಆ ಮುದುಕಿಯರಿಗೆ ಹೇಗನ್ನಿಸುತ್ತಿತ್ತು ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಕೆಳಗೆ ರುಜು ಹಾಕಿದೆ. ಅಧ್ಯಕ್ಷರು ಅದನ್ನು ಸದಸ್ಯರಿಗೆ ಕೇಳುವಂತೆ ಓದಿದರು. "ಅತ್ತಿಗೆ, ಹೌದಾ?" ಎಂದರು. ಅವಳು ಹೌದು ಎಂದಳು. ಸದಸ್ಯ ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ ಹಾಕಿದ.

ಆಗ ಹಿತ್ತಿಲಲ್ಲಿ ಕೆಮ್ಮು ಎದ್ದಿತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೆಮ್ಮು ನಿಲ್ಲಲಿಲ್ಲ. ಆ ಮೂವರ ಮನೆಗಳಿಗೂ ಕಕ್ಕಸು ಕಟ್ಟಿದ ಮನುಷ್ಯ ಗೋಡೆಯಾಚೆ ಉಸಿರಿಗೆ ಒದ್ದಾಡುತ್ತಿದ್ದ. ಅಧ್ಯಕ್ಷರು ಹೊಸಿಲು ದಾಟಿ, ತಿರುಗಿ ನಿಂತು, ಅದೇ ಮೆದು ದನಿಯಲ್ಲಿ ಹೇಳಿದರು:

"ಅತ್ತಿಗೆ, ನಾಯಿನ ಸ್ವಲ್ಪ ಸುಮ್ಮನಿರಿಸಿ."

ಊರಿನಲ್ಲಿ ನಾಯಿ ಸಾಕುವಂತಿಲ್ಲ. ಆ ನಿಯಮವನ್ನು ನಾನು ಓದಿದ್ದೆ. ಗಂಟೆಯಕ್ಕ ಗಂಟಲಲ್ಲೇ "ಆಯ್ತು" ಅಂದಳು. ಅವಳು ಎದ್ದು ಹೋಗುವ ಅಗತ್ಯವೇ ಬೀಳಲಿಲ್ಲ, ಕೆಮ್ಮು ತಾನಾಗಿ ನಿಂತಿತು. ವಾರ್ಡಿನಲ್ಲಿ ನಾನು ಬೇಕಾದಷ್ಟು ಕೆಮ್ಮು ನಿಂತದ್ದು ಕೇಳಿದ್ದೇನೆ. ಔಷಧಕ್ಕೆ ನಿಲ್ಲುವುದು ಬೇರೆ, ಪ್ರಾಣ ಹೋಗಿ ನಿಲ್ಲುವುದು ಬೇರೆ. ಇದು ಮನುಷ್ಯ ತನ್ನ ಬಾಯಿಗೆ ತಾನೇ ಬಟ್ಟೆ ತುರುಕಿಕೊಂಡಾಗ ನಿಲ್ಲುವ ಬಗೆ.

ಅವರು ಹೋದ ಮೇಲೆ ಅವಳು ಓಡಿಹೋದಳು. ನಾನು ಹಿಂದೆ ಹೋಗಲಿಲ್ಲ, ಹೋಗುವ ಮುಖ ಇರಲಿಲ್ಲ. ಸಂಜೆ ಚಾದರವನ್ನು ಮಡಿಸಿ ತಂದು ನನ್ನ ಚೀಲದ ಮೇಲಿಟ್ಟಳು. ಇನ್ನೂ ಒದ್ದೆಯಾಗಿತ್ತು. ನಿಮ್ಮದು ಅಂತ ಬರೆದಿದ್ದೀರಿ, ಇಲ್ಲಿ ಉಳಿದರೆ ಕೇಳುತ್ತಾರೆ, ತಗೊಂಡು ಹೋಗಿ ಅಂದಳು. ಅವರಿಗೆ ಇದ್ದದ್ದು ಎರಡೇ ಚಾದರ. ಬೇರೆಯವರ ಹಾಸಿಗೆ ನಂಬದ ನಾನು ಎಲ್ಲಿ ಹೋದರೂ ನನ್ನದೇ ಚಾದರ ಒಯ್ಯುತ್ತೇನೆ. ಅದನ್ನು ಕೊಟ್ಟೆ. ಅದರ ಮೂಲೆಯಲ್ಲಿ ಆಸ್ಪತ್ರೆಯ ಮುದ್ರೆಯಿತ್ತು, ಅದು ನನ್ನ ಕೈಗೆ ಹೇಗೆ ಬಂತು ಎಂದು ಕೇಳಬೇಡಿ. ಅವಳು ಕತ್ತರಿ ತಂದು ಆ ಮೂಲೆಯನ್ನು ಕತ್ತರಿಸಿ ಒಲೆಗೆ ಹಾಕಿ, ಚಾದರ ಒಳಗೆ ಒಯ್ದಳು. ಥ್ಯಾಂಕ್ಸ್ ಅನ್ನಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ನನ್ನ ಬಸ್ಸು ಹನ್ನೊಂದೂಕಾಲಕ್ಕೆ. ಚೀಲ ಹಿಡಿದು ಊರ ಬಾಗಿಲಿಗೆ ಬಂದಾಗ ಹೊಸ ಅತಿಥಿಗಳು ಫೋಟೊದ ಮುಂದೆ ನಿಂತಿದ್ದರು. ಅಧ್ಯಕ್ಷರು ಕಥೆಯ ಕೊನೆಗೆ ಬಂದಿದ್ದರು. ನನ್ನನ್ನು ಕಂಡು ಒಂದು ಕ್ಷಣ ತಡೆದರು, ಆಮೇಲೆ ಮುಂದುವರಿಸಿದರು. ಇವತ್ತು ಅವರು ನಮ್ಮ ಜೊತೆ ಇಲ್ಲ ಅಂದರು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇದ್ದಾರೆ, ಓಣಿಯ ಆ ತುದಿಯ ಮನೆಯ ಹಿತ್ತಿಲಲ್ಲಿ ಇದ್ದಾರೆ ಎಂದು ಕೂಗುವುದಕ್ಕೆ ಒಂದು ಉಸಿರು ಸಾಕಾಗಿತ್ತು. ಗಂಟೆಯ ಹಗ್ಗ ಹಿಡಿದವಳು ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಕೋಪ ಇರಲಿಲ್ಲ, ಬರೀ ಹೆದರಿಕೆ ಇತ್ತು. ಸಮಿತಿಗೆ ಹೆದರುತ್ತಿದ್ದವಳು ಈಗ ನನಗೆ ಹೆದರುತ್ತಿದ್ದಳು.

ಅವಳು ಗಂಟೆ ಬಾರಿಸಿದಳು. ಎಲ್ಲರೂ ತಲೆ ತಗ್ಗಿಸಿದರು. ಓಣಿಯ ಆ ತುದಿಯಿಂದ ಒಂದು ಕೆಮ್ಮೂ ಕೇಳಲಿಲ್ಲ. ಅವರೂ ಅಲ್ಲಿ ಗೌರವ ಕೊಡುತ್ತಿದ್ದರು. ಇನ್ನೂ ಆರದ ಚಾದರದ ತೇವ ಚೀಲ ದಾಟಿ ನನ್ನ ಕಾಲಿಗೆ ತಾಗುತ್ತಿತ್ತು. ನಾನೂ ತಲೆ ತಗ್ಗಿಸಿದೆ.